ಆಸ್ಥಾನ ಸಂಗೀತದ ವುಡ್‌ಕಟ್ (‘ವೈಸ್‌ಕುನಿಗ್’): 1516ರ ಪ್ರತಿಯೋ, 1775ರದ್ದೋ?

ಮಸಿಕುಡಿಕೆ
ಜರ್ಮನಿಯ ಆಗ್ಸ್‌ಬರ್ಗ್‌ನ ಕಲಾವಿದ ಹ್ಯಾನ್ಸ್ ಬುರ್ಕ್‌ಮೈರ್‌ನ ‘ವೈಸ್‌ಕುನಿಗ್’ (‘ಬಿಳಿರಾಜ’) ವುಡ್‌ಕಟ್ (ಮರದಚ್ಚಿನ ಚಿತ್ರ) ಸರಣಿಯ ಒಂದು ಬಿಡಿಹಾಳೆ ಮಾರಾಟಕ್ಕೆ ಬಂದಿದೆ. ಯುವರಾಜ ತನ್ನ ಆಸ್ಥಾನದ ವಾದ್ಯಗಾರರ ನಡುವೆ ನಿಂತಿರುವ ಚಿತ್ರ. ವಿವರಣೆಯಲ್ಲಿ ‘ಮೂಲ ವುಡ್‌ಕಟ್, ಸುಮಾರು 1516’ ಎಂದಿದೆ. ಕಾಗದ ದಪ್ಪ, ನಸು ಹಳದಿ. ಬೆಳಕಿಗೆ ಹಿಡಿದ ಫೋಟೋದಲ್ಲಿ ಸರಿಗೆ ಗೆರೆಗಳು (ಕಾಗದ ಮಾಡುವ ಜರಡಿಯ ತಂತಿ ಬಿಟ್ಟ ಗುರುತು) ಕಾಣುತ್ತವೆ, ನೀರಚ್ಚು (ಕಾಗದದೊಳಗಿನ ತಯಾರಕರ ಗುರುತು, ವಾಟರ್‌ಮಾರ್ಕ್) ಸ್ಪಷ್ಟವಿಲ್ಲ. ಚಿತ್ರದ ಸುತ್ತಲಿನ ಅಂಚಿನ ಕಟ್ಟುಗೆರೆ ಎರಡು ಕಡೆ ತುಂಡಾಗಿದೆ. ಕೇಳುತ್ತಿರುವ ಬೆಲೆ 16ನೇ ಶತಮಾನದ ಪ್ರತಿಗೆ ಕಡಿಮೆ, 18ನೇ ಶತಮಾನದ್ದಕ್ಕೆ ಜಾಸ್ತಿ. ಯಾವುದನ್ನು ನೋಡಿ ನಿರ್ಧರಿಸಬೇಕು?

ಹಳೇಕಾಗದ
‘ಮೂಲ ವುಡ್‌ಕಟ್’ ಅನ್ನುವುದೂ ನಿಜ, ‘ಸುಮಾರು 1516’ ಅನ್ನುವುದೂ ನಿಜ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ ಓದುವವರು ದಾರಿ ತಪ್ಪುತ್ತಾರೆ. ಹಲಗೆ ಕೊರೆದದ್ದು 1514ರಿಂದ 1516ರ ಸುಮಾರಿಗೆ. ಹಾಳೆ ಒತ್ತಿದ್ದು ಯಾವಾಗ ಎಂಬುದು ಬೇರೆಯೇ ಪ್ರಶ್ನೆ, ಮಾರುವವರು ಅದಕ್ಕೆ ಉತ್ತರ ಕೊಟ್ಟಿಲ್ಲ.

ಹಿನ್ನೆಲೆ ಹೇಳಿಬಿಡುತ್ತೇನೆ. ಪವಿತ್ರ ರೋಮನ್ ಚಕ್ರವರ್ತಿ ಮೊದಲನೇ ಮ್ಯಾಕ್ಸಿಮಿಲಿಯನ್ ತನ್ನ ಜೀವನವನ್ನೇ ‘ವೈಸ್‌ಕುನಿಗ್’ ಎಂಬ ಕಥೆಯಾಗಿ ಬರೆಸಿದ. ತನ್ನ ಅಪ್ಪ ಮೂರನೇ ಫ್ರೆಡರಿಕ್‌ನನ್ನು ಹಿರಿಯ ಬಿಳಿರಾಜ ಎಂದೂ ತನ್ನನ್ನು ಕಿರಿಯ ಬಿಳಿರಾಜ ಎಂದೂ ಕರೆಸಿಕೊಂಡ. ಫ್ರಾನ್ಸಿನ ದೊರೆ ನೀಲಿರಾಜ, ಹಂಗೇರಿಯವನು ಹಸಿರುರಾಜ, ವೆನಿಸ್ ಅಂದರೆ ಮೀನಿನ ರಾಜ. ಬರೆದು ಜೋಡಿಸಿದವನು ಅವನ ಕಾರ್ಯದರ್ಶಿ ಮಾರ್ಕ್ಸ್ ಟ್ರೈಟ್ಸ್‌ಸೌರ್‌ವೈನ್. ಕೃತಿಗೆ ಮೂರು ಭಾಗ: ಅಪ್ಪನ ಮದುವೆ ಮತ್ತು 1452ರ ರೋಮ್ ಪಟ್ಟಾಭಿಷೇಕ, ಮಗನ ಶಿಕ್ಷಣ, ಆಮೇಲೆ ಯುದ್ಧಗಳು. ನಿಮ್ಮ ಚಿತ್ರ ಎರಡನೇ ಭಾಗದ್ದು. ರಾಜಕುಮಾರ ಚಿತ್ರಕಲೆ, ಬಡಗಿಕೆಲಸ, ಕವಚ ತಯಾರಿ, ಫಿರಂಗಿ, ಸಂಗೀತ ಎಲ್ಲ ಕಲಿಯುವ ಭಾಗ ಅದು.

ಚಿತ್ರಗಳು ಸುಮಾರು 250. ಹೆಚ್ಚುಕಡಿಮೆ ಅರ್ಧ ಬುರ್ಕ್‌ಮೈರ್‌ನದು, ಅರ್ಧ ಲಿಯೊನ್‌ಹಾರ್ಟ್ ಬೆಕ್‌ನದು. ಹ್ಯಾನ್ಸ್ ಶಾಯ್‌ಫೆಲೈನ್ ಮತ್ತು ಹ್ಯಾನ್ಸ್ ಸ್ಪ್ರಿಂಗಿನ್‌ಕ್ಲೀ ಬರೆದದ್ದು ಬೆರಳೆಣಿಕೆಯಷ್ಟು. 1519ರ ಜನವರಿ 12ರಂದು ಆಸ್ಟ್ರಿಯದ ವೆಲ್ಸ್ ಊರಿನಲ್ಲಿ ಚಕ್ರವರ್ತಿ ತೀರಿಕೊಂಡಾಗ ಪುಸ್ತಕ ಮುಗಿದಿರಲಿಲ್ಲ. ಪರೀಕ್ಷೆಗೆಂದು ಒತ್ತಿದ ಪ್ರತಿಗಳು ಬಿಟ್ಟರೆ ಆಗ ಮುದ್ರಣವೇ ಆಗಲಿಲ್ಲ. ಪುಸ್ತಕವಾಗಿ ಹೊರಬಂದದ್ದು 1775ರಲ್ಲಿ, ವಿಯೆನ್ನಾದಲ್ಲಿ, ಕುರ್ಟ್ಸ್‌ಬೆಕ್ ಎಂಬ ಮುದ್ರಕನಿಂದ. ಉಳಿದಿದ್ದ ಮೂಲ ಹಲಗೆಗಳಿಂದಲೇ 237 ಚಿತ್ರ ಒತ್ತಿದರು. ಆಮೇಲೆ 1799ರಲ್ಲಿ ಇನ್ನೊಮ್ಮೆ ಬಂತು. 1888ರಲ್ಲಿ ವಿಯೆನ್ನಾದ ಕಲಾಸಂಗ್ರಹಗಳ ವಾರ್ಷಿಕ ಸಂಪುಟದಲ್ಲಿ ವಿದ್ವತ್ ಆವೃತ್ತಿಯಾಗಿಯೂ ಬಂತು.

ಹಾಗಾಗಿ ಮಾರುಕಟ್ಟೆಯಲ್ಲಿ ಬಿಡಿಹಾಳೆ ಕಂಡರೆ ಅದು 1775ರದ್ದು ಅಥವಾ ನಂತರದ್ದು ಎಂದೇ ಹಿಡಿದುಕೊಂಡು ಶುರುಮಾಡಿ. 1516ರದ್ದು ಎಂದು ಸಾಧಿಸುವ ಹೊಣೆ ಮಾರುವವರದ್ದು.

ಅಚ್ಚುಮೊಳೆ
ಮೇಲಿನದ್ದಕ್ಕೆ ಒಂದೇ ಸೇರ್ಪಡೆ. ಸರಿಗೆ ಗೆರೆ ಇದೆ ಅಂದಮಾತ್ರಕ್ಕೆ 16ನೇ ಶತಮಾನದ ಕಾಗದ ಆಗುವುದಿಲ್ಲ. ಗೆರೆಯಿಲ್ಲದ ನಯ ಅಚ್ಚಿನ ಕಾಗದ ಇಂಗ್ಲೆಂಡಿನಲ್ಲಿ ಬಂದದ್ದೇ 1757ರ ಸುಮಾರಿಗೆ, ಯೂರೋಪಿನ ಒಳನಾಡಿಗೆ ಇನ್ನೂ ತಡವಾಗಿ. ಗೆರೆ ಇಲ್ಲದಿದ್ದರೆ 1516 ಖಂಡಿತ ಅಲ್ಲ ಅನ್ನಬಹುದು. ಇದ್ದರೆ ಏನನ್ನೂ ಹೇಳಲು ಬರುವುದಿಲ್ಲ.

ಮಸಿಕುಡಿಕೆ
ಅಳತೆ ತರಿಸಿಕೊಂಡೆ. ಕಟ್ಟುಗೆರೆಯಿಂದ ಕಟ್ಟುಗೆರೆಗೆ ಎತ್ತರ 219 ಮಿ.ಮೀ., ಅಗಲ 193. ಕ್ಯಾಟಲಾಗುಗಳಲ್ಲಿ ಈ ಸರಣಿಗೆ ಸುಮಾರು 220 × 195 ಎಂದು ಕಾಣುತ್ತದೆ. ಒಂದೆರಡು ಮಿ.ಮೀ. ಕಡಿಮೆ ಬಂದಿರುವುದರಿಂದ ಬೇರೆ ಹಲಗೆ, ಅಂದರೆ ನಕಲು ಎಂದು ತಿಳಿಯಬಹುದೇ?

ಹಳೇಕಾಗದ
ಖಂಡಿತ ಬೇಡ. ಕಾಗದವನ್ನು ಒದ್ದೆ ಮಾಡಿ ಒತ್ತುತ್ತಿದ್ದರು. ಒದ್ದೆಯಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಚಿತ್ರ ಬಿದ್ದದ್ದು ಹಿಗ್ಗಿದ ಸ್ಥಿತಿಯಲ್ಲಿ, ನೀವು ಅಳೆಯುತ್ತಿರುವುದು ಕುಗ್ಗಿದ ಸ್ಥಿತಿಯಲ್ಲಿ. ನೂರಕ್ಕೆ ಒಂದೆರಡು ಪಾಲು ವ್ಯತ್ಯಾಸ ಮಾಮೂಲು. 220 ಮಿ.ಮೀ.ಗೆ ಅದು ಎರಡರಿಂದ ನಾಲ್ಕು ಮಿ.ಮೀ. ಆಯಿತು. ಒಂದೇ ದಿನ, ಒಂದೇ ಹಲಗೆಯಿಂದ ಒತ್ತಿದ ಎರಡು ಹಾಳೆಗಳೇ ಅಳತೆಯಲ್ಲಿ ತಾಳೆಯಾಗದಿರಬಹುದು.

ಇನ್ನೊಂದು ಸಂಗತಿ ಇದೆ. ಹಲಗೆಯೂ ಕಾಲಕ್ರಮದಲ್ಲಿ ಕುಗ್ಗುತ್ತದೆ, ಆದರೆ ಒಂದೇ ದಿಕ್ಕಿಗೆ. ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಅದಕ್ಕೇ ಬರೀ ಎತ್ತರ ಅಗಲ ನೋಡದೆ ಎರಡರ ಅನುಪಾತ ನೋಡಬೇಕು. ಒಂದು ದಿಕ್ಕಿಗೆ ಮಾತ್ರ ಸಣ್ಣದಾಗಿದ್ದು, ಆ ದಿಕ್ಕು ಬಿರುಕಿಗೆ ಅಡ್ಡಲಾಗಿದ್ದರೆ, ತಡವಾದ ಪ್ರತಿ ಎಂಬುದಕ್ಕೆ ಅದು ಪೂರಕ ಸಾಕ್ಷಿ. ಒಂಟಿಯಾಗಿ ನಿಲ್ಲುವ ಸಾಕ್ಷಿಯಲ್ಲ, ಯಾಕೆಂದರೆ ಕಾಗದವೂ ಎರಡು ದಿಕ್ಕಿಗೆ ಒಂದೇ ಸಮ ಕುಗ್ಗುವುದಿಲ್ಲ.

ಕೊಡತಿ
ಕಾಗದ, ಅಳತೆ ಎರಡಕ್ಕಿಂತ ಹಲಗೆಯ ಗಾಯಗಳನ್ನು ನೋಡುವುದೇ ಗಟ್ಟಿಯಾದ ದಾರಿ. ಹಲಗೆಗೆ ಆದ ಗಾಯ ವಾಸಿಯಾಗುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ. ಹಾಗಾಗಿ ಪ್ರತಿಗಳನ್ನು ಗಾಯದ ಲೆಕ್ಕದಲ್ಲಿ ಸಾಲಾಗಿ ಜೋಡಿಸಬಹುದು. ನೋಡಬೇಕಾದವು ಇವು.

ಬಿರುಕು. ವುಡ್‌ಕಟ್ ಹಲಗೆ ಅಂದರೆ ಮರವನ್ನು ಉದ್ದಕ್ಕೆ ಸೀಳಿ ತೆಗೆದ ಹಲಗೆ, ಹೆಚ್ಚಾಗಿ ಪೇರ್ ಮರದ್ದು, ಎರಡರಿಂದ ಎರಡೂವರೆ ಸೆಂ.ಮೀ. ದಪ್ಪ. ಬಿರುಕು ಯಾವಾಗಲೂ ಎಳೆಯ ಉದ್ದಕ್ಕೇ ಬಿಡುತ್ತದೆ. ಹಾಳೆಯ ಮೇಲೆ ಅದು ನೂಲಿನಷ್ಟು ತೆಳು ಬಿಳಿಗೆರೆಯಾಗಿ, ಚಿತ್ರದ ಅರ್ಥಕ್ಕೆ ಸಂಬಂಧವಿಲ್ಲದೆ, ಮುಖ ಗೋಡೆ ಬಟ್ಟೆ ಎಲ್ಲವನ್ನೂ ದಾಟಿಕೊಂಡು ನೇರ ಹೋಗುತ್ತದೆ. ಕಾಗದದ ಮಡಿಕೆಯೂ ಹೀಗೇ ಕಾಣಬಹುದು. ಹಿಂಬದಿ ನೋಡಿದರೆ ತಿಳಿಯುತ್ತದೆ: ಮಡಿಕೆಗೆ ಹಿಂದೆಯೂ ಗುರುತಿರುತ್ತದೆ, ಬಿರುಕಿಗೆ ಇರುವುದಿಲ್ಲ.

ಹುಳು. ಮರ ಕೊರೆಯುವ ಹುಳುವಿನ ತೂತು ಒಂದೆರಡು ಮಿ.ಮೀ. ಅಡ್ಡಳತೆಯ ದುಂಡನೆ ಬಿಳಿಚುಕ್ಕೆಯಾಗಿ ಅಚ್ಚಾಗುತ್ತದೆ. ಕಪ್ಪು ಜಾಗದಲ್ಲಿದ್ದರೆ ಎದ್ದು ಕಾಣುತ್ತದೆ. ಬಿಳಿ ಜಾಗದಲ್ಲಿದ್ದರೆ ಕಾಣುವುದೇ ಇಲ್ಲ, ಅದಕ್ಕೇ ದಟ್ಟ ನೆರಳಿನ ಜಾಗದಲ್ಲಿ ಹುಡುಕಿ. ಕಾಗದಕ್ಕೆ ಹುಳು ಬಿದ್ದಿದ್ದರೆ ಅದು ನಿಜವಾದ ತೂತು, ಬೆಳಕು ಹಾಯುತ್ತದೆ. ಮಾರುವವರು ಫೋಟೋದಲ್ಲಿ ಕಾಗದದ ತೂತನ್ನು ‘ಹಳೆಯ ಹಲಗೆಯ ಗುರುತು’ ಎಂದು ತೋರಿಸುವುದುಂಟು, ತಿರುಗಿಸಿ ತೋರಿಸಿ ಅನ್ನಿ.

ಕಟ್ಟುಗೆರೆ. ಹಲಗೆಯ ಅಂಚಿನಲ್ಲಿ ಒಂಟಿಯಾಗಿ ನಿಂತ ಗೆರೆ ಅದು. ಎತ್ತಿಡುವಾಗ ತಗಲಿ ಮೊದಲು ಮುರಿಯುವುದೇ ಅದು. ಎರಡು ಕಡೆ ತುಂಡಾಗಿದೆ ಅಂದಿರಿ. ಇದೊಂದರಿಂದ 1775 ಅನ್ನಲು ಆಗುವುದಿಲ್ಲ, ಆದರೆ ಮ್ಯೂಸಿಯಂನಲ್ಲಿರುವ ಪರೀಕ್ಷಾ ಪ್ರತಿಯ ಚಿತ್ರದಲ್ಲಿ ಅದೇ ಜಾಗ ಇಡಿಯಾಗಿದ್ದು ನಿಮ್ಮದರಲ್ಲಿ ತುಂಡಾಗಿದ್ದರೆ ನಿಮ್ಮದು ಅದಕ್ಕಿಂತ ಈಚಿನದು. ನಿಮ್ಮದು ಮತ್ತು 1775ರ ಪುಸ್ತಕದೊಳಗಿನ ಹಾಳೆ ಎರಡರಲ್ಲೂ ಅದೇ ಎರಡು ತುಂಡು, ಅದೇ ಉದ್ದದಲ್ಲಿ ಕಂಡರೆ ವಾದ ಮುಗಿಯಿತು.

ತೇಪೆ. ಕೊರೆಯುವವನ ಕೈತಪ್ಪಿದರೆ, ಅಥವಾ ಚಕ್ರವರ್ತಿಗೆ ಒಪ್ಪಿಗೆಯಾಗದಿದ್ದರೆ, ಅಷ್ಟು ಭಾಗ ಕೆತ್ತಿ ತೆಗೆದು ಹೊಸ ಮರದ ತುಂಡು ಕೂರಿಸಿ, ಅಂಟು ಹಾಕಿ, ಮಟ್ಟಮಾಡಿ ಮತ್ತೆ ಕೊರೆಯುತ್ತಿದ್ದರು. ಹಾಳೆಯಲ್ಲಿ ಇದು ಸಣ್ಣ ಚೌಕ ಅಥವಾ ದುಂಡು ಹೊರಗೆರೆಯಾಗಿ ಕಾಣುತ್ತದೆ. ಗೆರೆಗಳು ಅಲ್ಲಿ ಕೂದಲೆಳೆಯಷ್ಟು ಜಾರಿರುತ್ತವೆ. ಕಾಲ ಕಳೆದಂತೆ ತೇಪೆ ಮತ್ತು ಹಲಗೆ ಬೇರೆಬೇರೆಯಾಗಿ ಕುಗ್ಗುವುದರಿಂದ ಸಂದು ಇನ್ನೂ ಎದ್ದು ಕಾಣುತ್ತದೆ.

ಗೆರೆಯ ಸವೆತ. ಇದನ್ನು ಎಲ್ಲರೂ ಮೊದಲು ಹೇಳುತ್ತಾರೆ, ನಾನು ಕೊನೆಗೆ ಹೇಳುತ್ತೇನೆ. ಈ ಹಲಗೆಗಳು ಎರಡೂವರೆ ಶತಮಾನ ಹೆಚ್ಚಾಗಿ ಸುಮ್ಮನೆ ಬಿದ್ದಿದ್ದವು. 1775ರಲ್ಲಿ ಗೆರೆಗಳು ಚೂಪಾಗಿಯೇ ಇದ್ದವು. ‘ಗೆರೆ ಚೂಪಾಗಿದೆ, ಆದ್ದರಿಂದ ಹಳೇ ಪ್ರತಿ’ ಎಂಬ ಮಾತು ಅದೇ ಕಾಲದ ಜರ್ಮನ್ ಕಲಾವಿದ ಡ್ಯೂರರ್‌ನ ಹಾಗೆ ಬದುಕಿದ್ದಾಗಲೇ ನೂರಾರು ಪ್ರತಿ ಮಾರಿದವರ ಹಲಗೆಗೆ ಸರಿ, ಈ ಸರಣಿಗೆ ಹೊಂದುವುದಿಲ್ಲ.

ಗೆರೆಗಾರ
ಕೊಡತಿ ಅವರೇ, ಡ್ಯೂರರ್, ಬುರ್ಕ್‌ಮೈರ್ ಸ್ವತಃ ಕೊರೆಯುತ್ತಿದ್ದರು ಎಂದು ಎಷ್ಟೋ ಕಡೆ ಬರೆದಿರುತ್ತಾರಲ್ಲ. ಕೈತಪ್ಪಿತು ಅಂದರೆ ಕಲಾವಿದನ ಕೈಯೇ ತಾನೆ?

ಕೊಡತಿ
ಅಲ್ಲ. ಬರೆಯುವವನು ಬೇರೆ, ಕೊರೆಯುವವನು ಬೇರೆ, ಒತ್ತುವವನು ಬೇರೆ. ಆಸ್ಥಾನದ ಕೆಲಸದಲ್ಲಂತೂ ಏನು ಬರೆಯಬೇಕೆಂದು ಹೇಳುವವನು ಇನ್ನೊಬ್ಬ. ಇದೇ ಚಕ್ರವರ್ತಿಯ ವಿಜಯದ್ವಾರದ ಚಿತ್ರವನ್ನೇ ನೋಡಿ: 195 ಹಲಗೆ, ಎಲ್ಲ ಸೇರಿಸಿದರೆ ಮೂರೂವರೆ ಮೀಟರಿಗೂ ಎತ್ತರ. ಯೋಜನೆ ಯೊಹಾನ್ ಸ್ಟಾಬಿಯಸ್‌ನದು, ವಿನ್ಯಾಸ ಡ್ಯೂರರ್ ಮತ್ತು ಸಂಗಡಿಗರದು, ಕೊರೆದದ್ದು ನ್ಯೂರೆಂಬರ್ಗಿನ ಹಿಯೆರೋನಿಮಸ್ ಆಂಡ್ರೆಯೆ ಮತ್ತು ಅವನ ಕೆಲಸಗಾರರು.

ಆಗ್ಸ್‌ಬರ್ಗ್‌ನಲ್ಲಿ ಕೊರೆಯುವವರ ಯಜಮಾನನಂತಿದ್ದವನು ಆಂಟ್ವರ್ಪ್‌ನಿಂದ ಬಂದ ಯೋಸ್ಟ್ ಡಿ ನೆಗ್ಗರ್. 1512ರ ಅಕ್ಟೋಬರ್‌ನಲ್ಲಿ ಅವನು ಚಕ್ರವರ್ತಿಗೆ ಬರೆದ ಪತ್ರ ಉಳಿದಿದೆ. ಇನ್ನಿಬ್ಬರು ಕೊರೆಯುವವರನ್ನು ಕೊಡಿ, ಕೊನೆಯ ಕೈ ನಾನು ಹಾಕುತ್ತೇನೆ, ಎಲ್ಲವೂ ಒಬ್ಬನೇ ಕೊರೆದಂತೆ ಕಾಣಬೇಕು ಎಂಬುದು ಅದರ ಸಾರ. ಇದೇ ಚಕ್ರವರ್ತಿಗಾಗಿ ಮಾಡಿದ ಇನ್ನೊಂದು ವುಡ್‌ಕಟ್ ಸರಣಿ ‘ವಿಜಯ ಮೆರವಣಿಗೆ’ಯ 135 ಹಲಗೆಗಳು ವಿಯೆನ್ನಾದ ಆಲ್ಬರ್ಟಿನಾ ಮ್ಯೂಸಿಯಂನಲ್ಲಿವೆ. ಅವುಗಳ ಹಿಂಬದಿಯಲ್ಲಿ ಕೊರೆದವರ ಹೆಸರು, 1516ರಿಂದ 1518ರ ತಾರೀಖು ಬರೆದಿದೆ. ಮುಂದೆ ಕಲಾವಿದನ ಹೆಸರು, ಹಿಂದೆ ಕೂಲಿಗೆ ದುಡಿದವನ ಹೆಸರು. ಆ ಹಿಂಬದಿ ಇಲ್ಲದಿದ್ದರೆ ವಿಲೆಮ್ ಲೀಫ್ರಿಂಕ್, ಕಾರ್ನೆಲಿಸ್ ಲೀಫ್ರಿಂಕ್, ಅಲೆಕ್ಸಿಸ್ ಲಿಂಟ್ ಇಂಥವರ ಕೈ ಯಾವುದೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ನಾದಲೋಲ
ಚಿತ್ರದೊಳಗಿನ ಸಂಗತಿಗೂ ಸ್ವಲ್ಪ ಬರೋಣ. ಆಸ್ಥಾನ ಅಂದಕೂಡಲೇ ಸಿಂಹಾಸನ, ಎರಡು ಸಾಲು ಮಂತ್ರಿಗಳು ಎಂಬ ಕಲ್ಪನೆ ನಮಗೆ. ಇಲ್ಲಿ ರಾಜಕುಮಾರ ಕೂತಿಲ್ಲ, ಕೆಲಸ ಮಾಡುವವರ ನಡುವೆ ನಿಂತಿದ್ದಾನೆ. ಹಾರ್ಪ್ ನುಡಿಸುವವನು, ಪುಟ್ಟ ಆರ್ಗನ್ ಮುಂದೆ ಕೂತವನು, ಹಾಡುಗಾರರು, ಮೇಜಿನ ಮೇಲೆ ವಯೊಲ್ (ಕಮಾನಿನಿಂದ ನುಡಿಸುವ ತಂತಿವಾದ್ಯ) ಮತ್ತು ಕೊಳಲುಗಳು, ನೆಲದ ಮೇಲೆ ನಗಾರಿ. ವಾದ್ಯಗಳನ್ನು ಅಂಗಡಿಯಲ್ಲಿ ಹರಡಿದ ಹಾಗೆ ಜೋಡಿಸಿದ್ದು ಬೇಕೆಂದೇ: ಇವನಿಗೆ ಎಲ್ಲ ವಾದ್ಯವೂ ಗೊತ್ತಿತ್ತು ಎಂದು ಹೇಳುವುದೇ ಚಿತ್ರದ ಉದ್ದೇಶ. ಇಷ್ಟೂ ವಾದ್ಯ ಒಟ್ಟಿಗೆ ನುಡಿಸುವ ಕಛೇರಿ ಇದಲ್ಲ. ಇದನ್ನು ಆಸ್ಥಾನ ಸಂಗೀತದ ‘ಫೋಟೋ’ ಎಂದು ಬಳಸುವ ಸಂಗೀತ ಇತಿಹಾಸದ ಪುಸ್ತಕಗಳನ್ನು ಕಂಡರೆ ನನಗೆ ಕಿರಿಕಿರಿ.

ಮ್ಯಾಕ್ಸಿಮಿಲಿಯನ್‌ನ ಆಸ್ಥಾನದ ಆರ್ಗನ್ ವಾದಕ ಪೌಲ್ ಹೋಫ್‌ಹೈಮರ್. ‘ವಿಜಯ ಮೆರವಣಿಗೆ’ಯಲ್ಲಿ ಅವನಿಗೆ ಒಂದು ಬಂಡಿಯನ್ನೇ ಮೀಸಲಿಟ್ಟು ಬುರ್ಕ್‌ಮೈರ್ ಚಿತ್ರಿಸಿದ್ದಾನೆ. ಎರಡೂ ಚಿತ್ರ ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ಪರೀಕ್ಷೆ. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುತ್ತದೆ. ಹಲಗೆಯ ಮೇಲೆ ಬರೆಯುವವನು ತಿರುಗುಮುರುಗಾಗಿ ಯೋಚಿಸಿಯೇ ಬರೆಯಬೇಕು, ಇಲ್ಲದಿದ್ದರೆ ಎಲ್ಲರೂ ಎಡಗೈಯಲ್ಲಿ ಕತ್ತಿ ಹಿಡಿದಿರುತ್ತಾರೆ. ಅಚ್ಚಾದ ಹಾಳೆಯನ್ನೇ ಹಲಗೆಗೆ ಅಂಟಿಸಿ ಕೊರೆದ ಅಗ್ಗದ ನಕಲಿನಲ್ಲಿ ಇಡೀ ಚಿತ್ರವೇ ಮಗುಚಿಕೊಳ್ಳುತ್ತದೆ. ವಾದ್ಯದ ಕಮಾನು ಯಾವ ಕೈಯಲ್ಲಿದೆ, ಕತ್ತಿಯ ಒರೆ ಯಾವ ಸೊಂಟಕ್ಕೆ ಕಟ್ಟಿದೆ ಎಂದು ನೋಡಿದರೆ ಅರ್ಧ ನಿಮಿಷದ ಕೆಲಸ.

ಕಡಲತಡಿ
ವಿಷಯಕ್ಕೆ ಹತ್ತಿರದ್ದೇ ಆದ್ದರಿಂದ ಇಲ್ಲೇ ಹೇಳುತ್ತೇನೆ. ಇದೇ ಬುರ್ಕ್‌ಮೈರ್ 1508ರಲ್ಲಿ ನಮ್ಮ ಕಡಲತೀರದ ಒಬ್ಬ ರಾಜನನ್ನೂ ಮರದಚ್ಚಿಗೆ ತಂದಿದ್ದಾನೆ: ‘ಕೊಚ್ಚಿಯ ರಾಜ’. ಆಫ್ರಿಕಾ ಮತ್ತು ಭಾರತದ ಜನರನ್ನು ತೋರಿಸುವ ಹಲವು ಹಲಗೆಗಳ ಉದ್ದನೆ ಪಟ್ಟಿಯ ಒಂದು ಭಾಗ ಅದು. ರಾಜನನ್ನು ಆಳುಗಳು ಹೊತ್ತು ನಡೆಯುತ್ತಾರೆ, ಛತ್ರಿ ಹಿಡಿದಿದ್ದಾರೆ, ಸುತ್ತ ವಾದ್ಯದವರು, ಆಯುಧ ಹಿಡಿದವರು. ಯೂರೋಪಿನ ಆಸ್ಥಾನ ಚಿತ್ರದ ವೇಷಭೂಷಣ ಒಂದೂ ಇಲ್ಲ, ಮೈ ಬರಿದು. ಆದರೂ ಇವನು ರಾಜ ಎಂದು ನೋಡಿದೊಡನೆ ತಿಳಿಯುವ ಹಾಗೆ ಗುಂಪನ್ನು ಜೋಡಿಸಿದ್ದಾನೆ.

ಬುರ್ಕ್‌ಮೈರ್ ಭಾರತಕ್ಕೆ ಬಂದವನಲ್ಲ. ಆಗ್ಸ್‌ಬರ್ಗ್‌ನ ವೆಲ್ಸರ್ ವ್ಯಾಪಾರಿ ಮನೆತನದ ಪ್ರತಿನಿಧಿ ಬಾಲ್ತಸಾರ್ ಸ್ಪ್ರಿಂಗರ್ 1505ರಲ್ಲಿ ಫ್ರಾನ್ಸಿಸ್ಕೊ ಡಿ ಅಲ್ಮೇಡನ ಪೋರ್ಚುಗೀಸ್ ಪಡೆಯ ಜೊತೆ ಲಿಸ್ಬನ್‌ನಿಂದ ಹೊರಟು 1506ರಲ್ಲಿ ಮರಳಿದ. ಅವನ ಮಾತು, ಟಿಪ್ಪಣಿಗಳೇ ಚಿತ್ರಕ್ಕೆ ಆಧಾರ. ಅದೇ ಪಡೆ 1505ರ ಸೆಪ್ಟೆಂಬರ್‌ನಲ್ಲಿ ಕಾರವಾರದ ಹತ್ತಿರದ ಅಂಜುದೀವ ದ್ವೀಪದಲ್ಲಿ ಕೋಟೆ ಕಟ್ಟಲು ತೊಡಗಿದ್ದು, ಮುಂದಿನ ತಿಂಗಳು ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿಯಿಟ್ಟದ್ದು. ಚಿತ್ರದ ಮೆರವಣಿಗೆ ನೋಡುವಾಗ ಅದನ್ನೂ ನೆನಪಿಡಬೇಕು.

ಗೆರೆಗಾರ
‘ವಿಜಯ ಮೆರವಣಿಗೆ’ಯಲ್ಲೂ ಕಲ್ಲಿಕೋಟೆಯ ಜನ ಎಂದು ಆನೆ ಇರುವ ಹಲಗೆ ಇದೆಯಲ್ಲ. ಅದನ್ನೂ ಸ್ಪ್ರಿಂಗರ್ ನೋಡಿದ್ದು ಎನ್ನಬಹುದೇ?

ಕಡಲತಡಿ
ಅದನ್ನು ಸಾಕ್ಷಿಯಾಗಿ ಬಳಸಬೇಡಿ. ಕಲ್ಲಿಕೋಟೆಯ ಜನ ಎಂದು ಕರೆದ ಆ ಹಲಗೆಗಳಲ್ಲಿ ಆನೆಯೂ ಇದೆ, ಗರಿಯ ಉಡುಪು ತೊಟ್ಟ ಅಮೆರಿಕದವರೂ ಇದ್ದಾರೆ, ಮೆಕ್ಕೆಜೋಳದ ತೆನೆಯೂ ಇದೆ. ಮೆಕ್ಕೆಜೋಳ ಅಮೆರಿಕದ ಬೆಳೆ. ಆಗಿನ ಆಗ್ಸ್‌ಬರ್ಗ್‌ನವರಿಗೆ ದೂರದ ದೇಶವೆಲ್ಲ ಒಂದೇ ಚೀಲ. 1508ರ ಪಟ್ಟಿ ಅದಕ್ಕಿಂತ ಎಷ್ಟೋ ಎಚ್ಚರದ ಕೆಲಸ.

ಮಸಿಕುಡಿಕೆ
ಎಲ್ಲರಿಗೂ ವಂದನೆ. ಮಾರುವವರಿಂದ ಹತ್ತು ಪಟ್ಟು ಹಿಗ್ಗಿಸಿದ ಫೋಟೋ ಬಂದಿದೆ. ಗೆರೆಯ ಅಂಚಿನಲ್ಲಿ ನಡುವಿಗಿಂತ ಕಪ್ಪು ಹೆಚ್ಚು. ಹಿಂಬದಿಯಲ್ಲಿ ಓರೆ ಬೆಳಕಿನಲ್ಲಿ ಗೆರೆಗಳು ಉಬ್ಬಿ ಕಾಣುತ್ತವೆ. ಫೋಟೋ ಮುದ್ರಣದಲ್ಲಿ ಕಾಣುವ ಪುಟ್ಟ ಚುಕ್ಕಿಗಳ ಜಾಲ ಇಲ್ಲ. ಬಲಗಡೆ ದಟ್ಟ ನೆರಳಿನಲ್ಲಿ ಎರಡು ದುಂಡು ಬಿಳಿಚುಕ್ಕೆ ಇವೆ, ಬೆಳಕು ಹಾಯುವುದಿಲ್ಲ.

ಅಚ್ಚುಮೊಳೆ
ಅಂಚಿಗೆ ಶಾಯಿ ಒತ್ತರಿಸಿರುವುದು, ಹಿಂದೆ ಉಬ್ಬಿರುವುದು: ಉಬ್ಬಚ್ಚಿನಿಂದ (ಉಬ್ಬಿದ ಗೆರೆಗಳಿಗೆ ಶಾಯಿ ಹಚ್ಚಿ ಒತ್ತುವ ಅಚ್ಚು) ಒತ್ತಿದ್ದು ಎಂಬುದು ಖಾತ್ರಿ. ಆಫ್‌ಸೆಟ್ ಆಗಿದ್ದರೆ ಹಿಂಬದಿ ಚಪ್ಪಟೆ ಇರುತ್ತಿತ್ತು, ಫೋಟೋದ ಮರುಮುದ್ರಣವಾಗಿದ್ದರೆ ಹೆಚ್ಚಾಗಿ ಚುಕ್ಕಿ ಕಾಣುತ್ತಿತ್ತು. ಆದರೆ 19ನೇ ಶತಮಾನದ ಸತುವಿನ ಲೈನ್‌ಬ್ಲಾಕ್ (ಗೆರೆಚಿತ್ರವನ್ನು ಆಸಿಡ್‌ನಿಂದ ಕೊರೆದ ಲೋಹದ ಅಚ್ಚು) ಕೂಡ ಉಬ್ಬಚ್ಚೇ. ಅದರಲ್ಲೂ ಅಂಚು ಕಪ್ಪಾಗುತ್ತದೆ, ಚುಕ್ಕಿಯೂ ಇರುವುದಿಲ್ಲ. ವ್ಯತ್ಯಾಸ ಹುಡುಕಬೇಕಾದ್ದು ಗೆರೆಯ ತುದಿಯಲ್ಲಿ. ಚೂರಿಯಿಂದ ಬಿಟ್ಟ ಗೆರೆಯ ತುದಿ ಕತ್ತರಿಸಿದಂತೆ ಚೂಪು. ಆಸಿಡ್ ತಿಂದ ಸತುವಿನಲ್ಲಿ ತುದಿ ಮೊಂಡು, ತೆಳುಗೆರೆಯ ಬದಿ ಸಣ್ಣಗೆ ಅಂಕುಡೊಂಕು, ಒತ್ತೊತ್ತಾದ ಗೆರೆಗಳ ಸಂದು ಅಲ್ಲಲ್ಲಿ ತುಂಬಿರುತ್ತದೆ.

365 ನ್ಯಾನೊಮೀಟರ್‌ನ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಡಲು ಹೇಳಿ. ಕಾಗದ ನೀಲಿಬಿಳುಪಾಗಿ ಹೊಳೆದರೆ ಅದರಲ್ಲಿ ಹೊಳಪುಕಾರಕ ರಾಸಾಯನಿಕ ಇದೆ, 20ನೇ ಶತಮಾನದ ನಡುಭಾಗಕ್ಕಿಂತ ಹಳೆಯದಲ್ಲ. ಮಂಕಾಗಿದ್ದರೆ ಹಳೆಯದು ಇರಬಹುದು, ಅಷ್ಟೆ.

ಉಳಿಬಾಯಿ
ಈ ಗೆರೆಯ ತುದಿ, ಅಂಚು ಎಲ್ಲ ಓದಿ ಅರ್ಥವಾಗುವುದಕ್ಕಿಂತ ಒಂದು ಅಂಗೈಯಗಲ ಹಲಗೆ ಕೊರೆದರೆ ಬೇಗ ಅರ್ಥವಾಗುತ್ತದೆ. ಇಲ್ಲಿ ಪೇರ್ ಮರ ಸಿಗುವುದಿಲ್ಲ. ಯಾವ ಮರ ತೆಗೆದುಕೊಳ್ಳಬಹುದು, ಹೇಗೆ ಶುರುಮಾಡಬೇಕು ಎಂದು ಕೊಡತಿ ಅವರು ಬರೆದರೆ ಒಳ್ಳೆಯದು.

ಕೊಡತಿ
ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ ತೆಗೆದುಕೊಳ್ಳಿ. ಬಿಳುಪು, ಎಳೆ ನುಣುಪು, ಚೂರಿಗೆ ಬಗ್ಗುತ್ತದೆ. ತೇಗ ಬೇಡ, ರಂಧ್ರ ದೊಡ್ಡದು, ಕಪ್ಪು ಜಾಗದಲ್ಲಿ ಗೀಟು ಗೀಟು ಬೀಳುತ್ತದೆ. ಬೀಟೆ ಚೂರಿಯ ಬಾಯಿ ತಿನ್ನುತ್ತದೆ. ಒಣಗಿದ ತುಂಡೇ ಬೇಕು, ನಡುತಿರುಳು ಇರಬಾರದು. ತಿರುಳಿದ್ದರೆ ಅಲ್ಲಿಂದಲೇ ಸೀಳುತ್ತದೆ.

ಹಲಗೆ 10 × 10 ಸೆಂ.ಮೀ. ಸಾಕು. ಟ್ರೆಡಲ್ ಪ್ರೆಸ್ಸಿನಲ್ಲಿ (ಕಾಲಿನಿಂದ ತುಳಿದು ನಡೆಸುವ ಮುದ್ರಣಯಂತ್ರ) ಅಕ್ಷರದ ಮೊಳೆಗಳ ಜೊತೆ ಒತ್ತುವ ಆಸೆಯಿದ್ದರೆ ಎತ್ತರ ಮೊಳೆಯಷ್ಟೇ ಇರಬೇಕು, ಅಂದರೆ 0.918 ಅಂಗುಲ, ಸುಮಾರು 23.3 ಮಿ.ಮೀ. ಅರ್ಧ ಮಿ.ಮೀ. ಕಡಿಮೆ ಇದ್ದರೆ ಹಿಂದೆ ಕಾಗದ ಅಂಟಿಸಿ ಎತ್ತರಿಸಬಹುದು, ಹೆಚ್ಚಿದ್ದರೆ ಹಿಂಬದಿ ಕೀಸಲೇಬೇಕು. ಮುಖ ಕೀಸಿ, ನಯ ಉಪ್ಪುಕಾಗದ ಹಾಕಿ, ಮೇಲೆ ತೆಳ್ಳಗೆ ಬಿಳಿ ಪೋಸ್ಟರ್ ಬಣ್ಣ ಬಳಿದು ಒಣಗಿಸಿ. ಚಿತ್ರವನ್ನು ತಿರುಗಿಸಿ ಶಾಯಿಯಲ್ಲಿ ಬರೆಯಿರಿ. ಪೆನ್ಸಿಲ್ ಬೇಡ, ಅಂಗೈ ತಾಗಿ ಅಳಿಸಿಹೋಗುತ್ತದೆ.

ಕೊರೆಯುವ ಕ್ರಮ. ಒಂದು ಗೆರೆಗೆ ಎರಡೂ ಪಕ್ಕದಲ್ಲಿ ಚೂರಿ ಓಡಬೇಕು. ಚೂರಿಯ ಮೊನೆ ಗೆರೆಯಿಂದ ದೂರಕ್ಕೆ ವಾಲಿರಲಿ, ಆಗ ಗೆರೆಯ ಬುಡ ಅಗಲವಾಗಿ, ತಲೆ ಕಿರಿದಾಗಿ ನಿಲ್ಲುತ್ತದೆ. ಒಳಕ್ಕೆ ವಾಲಿದರೆ ಬುಡ ಸಣ್ಣದಾಗಿ ಮೊದಲ ಒತ್ತಿಗೇ ಗೆರೆ ಮುರಿದು ಬೀಳುತ್ತದೆ. ಮೊದಲ ಸಲ ಕೊರೆಯುವವರು ಮಾಡುವುದೇ ಇದು. ಮೊದಲ ಕೊರೆತದ ಎದುರಿಗೆ ಇನ್ನೊಂದು ಓರೆ ಕೊರೆತ ಹಾಕಿದರೆ ನಡುವಿನ ಚೂರು ತಾನೇ ಮೇಲೇಳುತ್ತದೆ. ಏಳದಿದ್ದರೆ ಎರಡು ಕೊರೆತ ಕೆಳಗೆ ಸೇರಿಲ್ಲ ಎಂದರ್ಥ, ಮೀಟಬೇಡಿ, ಮತ್ತೆ ಚೂರಿ ಓಡಿಸಿ. ಮೀಟಿದರೆ ಪಕ್ಕದ ಗೆರೆಯೂ ಕಿತ್ತು ಬರುತ್ತದೆ.

ಎಳೆಗೆ ಅಡ್ಡ ಹೋಗುವ ಗೆರೆಯಲ್ಲಿ ಮರ ಪುಡಿಯಾಗುತ್ತದೆ, ಚೂರಿ ಹರಿತವಿಲ್ಲ ಎಂಬುದು ಕಾರಣ. ಎಳೆಯ ಉದ್ದಕ್ಕೆ ಹೋಗುವ ಗೆರೆಯಲ್ಲಿ ಚೂರಿ ಎಳೆ ಹಿಡಿದು ಜಾರುತ್ತದೆ, ಆಳ ಜಾಸ್ತಿಯಾಗಿದೆ ಎಂಬುದು ಕಾರಣ. ಮೊದಲು ಹಗುರ, ಎರಡನೇ ಸಲಕ್ಕೆ ಆಳ. ತೆಳುಗೆರೆಗಳನ್ನೆಲ್ಲ ಮೊದಲು ಮುಗಿಸಿ, ಅರ್ಧಚಂದ್ರ ಬಾಯಿಯ ಉಳಿಯಲ್ಲಿ ದೊಡ್ಡ ಖಾಲಿ ಜಾಗ ತೆಗೆಯುವುದು ಕೊನೆಗೆ. ಒತ್ತೊತ್ತಾದ ಗೆರೆಗಳ ನಡುವೆ ಒಂದು ಮಿ.ಮೀ. ಆಳ ಸಾಕು. ಒಂದೆರಡು ಬೆರಳಗಲದ ಖಾಲಿ ಜಾಗಕ್ಕೆ ಮೂರು ನಾಲ್ಕು ಮಿ.ಮೀ. ಬೇಕು, ಇಲ್ಲವಾದರೆ ಕಾಗದ ಜೋತುಬಿದ್ದು ಅಲ್ಲಿನ ಶಾಯಿ ಹಿಡಿಯುತ್ತದೆ.

ಈಗ ಅಡ್ಡಗೆರೆಯ ನೆರಳಿನ ಲೆಕ್ಕ. ಸೆಂ.ಮೀ.ಗೆ ಎಂಟು ಗೆರೆ ಈ ಕಡೆ, ಎಂಟು ಆ ಕಡೆ ಅಂದರೆ ಒಂದು ಚದರ ಸೆಂ.ಮೀ.ನಲ್ಲಿ 64 ಪುಟ್ಟ ಬಿಳಿ ಚೌಕ. ಒಂದೊಂದಕ್ಕೆ ನಾಲ್ಕು ಕೊರೆತ, ಒಟ್ಟು 256. ಪೆನ್ನಿನಲ್ಲಿ ಬರೆಯುವವನಿಗೆ ಅದು 16 ಗೀಟು. ಯಾವ ಚಿತ್ರದಲ್ಲಿ ಅಡ್ಡಗೆರೆ ಎಷ್ಟಿದೆ ಎಂದು ನೋಡಿದರೆ, ಕೊರೆಯುವವನ ಮೇಲೆ ಬರೆಯುವವನಿಗೆ ಎಷ್ಟು ನಂಬಿಕೆ, ಒಡೆಯನ ಚೀಲದಲ್ಲಿ ಎಷ್ಟು ದುಡ್ಡು ಎರಡೂ ತಿಳಿಯುತ್ತವೆ.

ಉಳಿಬಾಯಿ
ಒತ್ತುವುದಕ್ಕೆ?

ಅಚ್ಚುಮೊಳೆ
ಆ ಕಾಲದಲ್ಲಿ ಕಾಯಿಸಿ ಗಟ್ಟಿಮಾಡಿದ ಅಗಸೆ ಎಣ್ಣೆಗೆ ದೀಪದ ಮಸಿ ಅರೆದು ಶಾಯಿ, ಚರ್ಮದ ಉಂಡೆಯಲ್ಲಿ ತಟ್ಟಿ ಹಚ್ಚುವುದು. ಎಣ್ಣೆಯನ್ನು ಮನೆಯಲ್ಲಿ ಕಾಯಿಸಲು ಹೋಗಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ. ಉಬ್ಬಚ್ಚಿನ ಎಣ್ಣೆಶಾಯಿ ಡಬ್ಬಿಯಲ್ಲೇ ಸಿಗುತ್ತದೆ, ಗಾಜಿನ ಮೇಲೆ ರಬ್ಬರ್ ರೋಲರಿನಲ್ಲಿ ತೆಳ್ಳಗೆ ಹರಡಿ. ರೋಲರ್ ಓಡುವಾಗ ಚರ್‌ಚರ್ ಎಂದು ಸಣ್ಣ ಸದ್ದು ಬಂದರೆ ಹದ ಸರಿ. ಪಚಪಚ ಅಂದರೆ ಶಾಯಿ ಜಾಸ್ತಿ.

ಕಾಗದ ಹತ್ತಿಯ ಚಿಂದಿಯದ್ದು, 100ರಿಂದ 120 ಜಿಎಸ್ಎಂ. ಹಿಂದಿನ ರಾತ್ರಿ ಒಂದು ಹಾಳೆ ನೀರಿಗದ್ದಿ, ಒಂದು ಒಣಹಾಳೆ, ಮತ್ತೆ ಒದ್ದೆ, ಹೀಗೆ ಜೋಡಿಸಿ ಪ್ಲಾಸ್ಟಿಕ್ ಸುತ್ತಿ ಮೇಲೆ ಭಾರವಿಡಿ. ಬೆಳಿಗ್ಗೆ ಕೆನ್ನೆಗೆ ತಾಗಿಸಿದರೆ ತಣ್ಣಗಿರಬೇಕು, ನೀರಿನ ಹೊಳಪು ಇರಬಾರದು.

ಎಡವಟ್ಟುಗಳು: ಕಾಗದ ಹೆಚ್ಚು ಒದ್ದೆಯಾದರೆ ಶಾಯಿ ಹತ್ತದೆ ಬೂದುಬಣ್ಣ ಬರುತ್ತದೆ. ಒಣಗಿದ್ದರೆ ಕಪ್ಪು ಜಾಗ ಚುಕ್ಕೆಚುಕ್ಕೆ. ಎಣ್ಣೆ ತೆಳುವಾಗಿದ್ದರೆ ಗೆರೆಯ ಸುತ್ತ ಹಳದಿ ಕಲೆ ಹರಡುತ್ತದೆ, ತಕ್ಷಣವಲ್ಲ, ತಿಂಗಳುಗಳ ಮೇಲೆ. ಒತ್ತಡ ಜಾಸ್ತಿಯಾದರೆ ಗೆರೆ ದಪ್ಪವಾಗಿ ಸಂದು ಮುಚ್ಚುತ್ತದೆ. ನಡುವೆ ಮಾತ್ರ ಮಾಸಲು ಬಂದರೆ ಹಲಗೆ ಬಾಗಿದೆ, ಒತ್ತಡ ಏರಿಸಬೇಡಿ. ಒತ್ತುವ ತಟ್ಟೆಯ ಪ್ಯಾಕಿಂಗಿನಲ್ಲಿ (ತಟ್ಟೆಗೆ ಹೊದಿಸಿದ ಕಾಗದದ ಪದರದಲ್ಲಿ) ಆ ಜಾಗಕ್ಕೆ ಮಾತ್ರ ತೆಳುಕಾಗದ ಒಂದೊಂದಾಗಿ ಅಂಟಿಸುತ್ತ ಬನ್ನಿ. ಮುಗಿದಮೇಲೆ ಹಲಗೆಯನ್ನು ನೀರಿನಲ್ಲಿ ತೊಳೆಯಲೇಬೇಡಿ. ಸೀಮೆಎಣ್ಣೆ ಅಥವಾ ಅಡುಗೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಸಾಕು.

ಮಸಿಕುಡಿಕೆ
ಕೊನೆಯ ಮಾಹಿತಿ. 1775ರ ಪುಸ್ತಕದ ಡಿಜಿಟಲ್ ಪ್ರತಿ ತೆರೆದು ಪಕ್ಕದಲ್ಲಿಟ್ಟು ನೋಡಿದೆ. ಕಟ್ಟುಗೆರೆಯ ಎರಡೂ ತುಂಡು ಅಲ್ಲೇ ಇವೆ, ಎರಡು ದುಂಡು ಚುಕ್ಕೆಯೂ ಅಲ್ಲೇ. ಯುವಿಯಲ್ಲಿ ಮಂಕು.

ಹಳೇಕಾಗದ
ಹಾಗಾದರೆ ಹಲಗೆ ಅದೇ, ಒತ್ತಿದ್ದು 1775ರಲ್ಲಿ ಅಥವಾ ಅದರ ನಂತರ. 1799ರದ್ದೋ ಎಂದು ಬೇರ್ಪಡಿಸಲು ನೀರಚ್ಚು ಬೇಕು. ಬೆಳಕಿನ ಹಲಗೆಯ ಮೇಲಿಟ್ಟು ಇಡೀ ಹಾಳೆಯ ಫೋಟೋ ಕೇಳಿ. ಚಿತ್ರದ ಸುತ್ತ ಕತ್ತರಿಸಿರದಿದ್ದರೆ ಬಿಳಿ ಅಂಚಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಮಾತುಕತೆಯಲ್ಲಿ ‘ನಕಲಿ’ ಎಂಬ ಮಾತು ಎತ್ತಬೇಡಿ, ನಕಲಿ ಅಲ್ಲ ಅದು. ‘ಹಲಗೆ ಸುಮಾರು 1516, ಮುದ್ರಣ 1775 ಅಥವಾ ನಂತರ’ ಎಂದು ರಸೀದಿಯಲ್ಲಿ ಬರೆದುಕೊಡಿ ಅನ್ನಿ. ಬೆಲೆ ತಾನಾಗಿ ಇಳಿಯುತ್ತದೆ. ಆ ಬೆಲೆಗೆ ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ, ಬುರ್ಕ್‌ಮೈರ್‌ನ ಕಾಲದ ಹಲಗೆಯಿಂದ ನೇರ ಬಿದ್ದ ಗೆರೆಗಳೇ ಅವು.

ಬಂದಮೇಲೆ ಲ್ಯಾಮಿನೇಶನ್ ಬೇಡ, ಸೆಲ್ಲೊಟೇಪ್ ಬೇಡ, ಫ್ರೇಮ್ ಅಂಗಡಿಯ ಹಾರ್ಡ್‌ಬೋರ್ಡ್ ಬೆನ್ನು ಬೇಡ. ಆಸಿಡ್ ಇಲ್ಲದ ಹತ್ತಿಯ ಬೋರ್ಡು, ಗೋಧಿಗಂಜಿ ಅಂಟು, ಜಪಾನಿ ಕಾಗದದ ಎರಡು ಸಣ್ಣ ಪಟ್ಟಿ ಮೇಲ್ತುದಿಗೆ ಮಾತ್ರ. ನಾಲ್ಕೂ ಕಡೆ ಅಂಟಿಸಿದರೆ ಮಳೆಗಾಲದಲ್ಲಿ ಕಾಗದ ಹಿಗ್ಗಲು ಜಾಗವಿಲ್ಲದೆ ಅಲೆಅಲೆಯಾಗುತ್ತದೆ. ಗಾಜಿಗೆ ತಾಗದಂತೆ ನಡುವೆ ಮೌಂಟ್ ಇರಲಿ, ಹೊರಗೋಡೆಗೆ ತೂಗುಹಾಕಬೇಡಿ.

ಮಸಿಕುಡಿಕೆ
ರಸೀದಿಯ ಒಕ್ಕಣೆ ಕಳಿಸಿದ್ದೇನೆ. ನೀರಚ್ಚಿನ ಫೋಟೋ ಬಂದಕೂಡಲೇ ಇಲ್ಲೇ ಹಾಕುತ್ತೇನೆ.